ಕೆಡುವುದು ಜೀನ್ ಅಲ್ಲ, ಬದಲಾಗುವುದು ಅದರ ಚಟುವಟಿಕೆ

ಸಂಪಾದಕರಿಗೆ,

ಮಾನ್ಯರೇ,

ಪ್ಲಾಸ್ಟಿಕ್ಕಿನಲ್ಲಿರುವ ರಾಸಾಯನಿಕಗಳು ಗರ್ಭಸ್ಥ ಶಿಶುವಿನ ‘ಜೀನ್‌ಗಳನ್ನೇ ಕೆಡಿಸುತ್ತವೆ’ ಎಂಬ ಒಕ್ಕಣೆ ಪತ್ರಿಕೆಗಳ ಶೀರ್ಷಿಕೆಗಳಲ್ಲಿ ಆಗಾಗ ಕಾಣಿಸುತ್ತದೆ. ಗರ್ಭಿಣಿಯರನ್ನು ಕಂಗೆಡಿಸಲು ಇಷ್ಟು ಸಾಕು. ಆದರೆ ಜರಾಯುವಿನ (ಗರ್ಭದಲ್ಲಿ ತಾಯಿಯಿಂದ ಶಿಶುವಿಗೆ ಪೋಷಣೆ ಒದಗಿಸುವ ಮಾಸು) ಬಗ್ಗೆ ಸಂಶೋಧಕರು ಹೇಳುತ್ತಿರುವುದು ಬೇರೆಯೇ.

ಪಿವಿಸಿಯಂಥ ಗಡಸು ಪ್ಲಾಸ್ಟಿಕ್ಕು ಬಾಗುವಂತಾಗಲು ಬೆರೆಸುವ ಥ್ಯಾಲೇಟ್‌ಗಳು ಅದರೊಂದಿಗೆ ಬಿಗಿಯಾದ ರಾಸಾಯನಿಕ ಬಂಧದಿಂದ ಕೂಡಿಕೊಂಡಿರುವುದಿಲ್ಲವಾದ್ದರಿಂದ, ಅವು ನಿಧಾನವಾಗಿ ಜಿನುಗಿ, ಜಿಡ್ಡಿನ ಆಹಾರದ ಮೂಲಕವೂ ಮನೆಯೊಳಗಿನ ಧೂಳಿನ ಮೂಲಕವೂ ದೇಹವನ್ನು ಸೇರುತ್ತವೆ. ಹೀಗೆ ಒಳಹೊಕ್ಕ ಡಿಇಎಚ್‌ಪಿ ಎಂಬ ಥ್ಯಾಲೇಟ್ ಎಂಇಎಚ್‌ಪಿಯಾಗಿ ಒಡೆಯುತ್ತದೆ. ಅದರ ಬಹುಪಾಲು ಒಂದೆರಡು ದಿನಗಳಲ್ಲಿ ಮೂತ್ರದೊಂದಿಗೆ ಹೊರಹೋದರೂ ಅಷ್ಟರೊಳಗೆ ಒಂದಿಷ್ಟು ಜರಾಯುವನ್ನು ತಲುಪಿರುತ್ತದೆ. ಜರಾಯು ದಾಟಲಾಗದ ಕೋಟೆಯಲ್ಲ ಎಂಬುದು 1960ರ ದಶಕದ ಆರಂಭದಲ್ಲೇ ಗರ್ಭಿಣಿಯರು ಸೇವಿಸಿದ ಥಾಲಿಡೊಮೈಡ್ ಎಂಬ ಔಷಧಿಯಿಂದ ಶಿಶುಗಳು ಅಂಗವೈಕಲ್ಯದೊಂದಿಗೆ ಹುಟ್ಟಿದ ದುರಂತದಿಂದ ಜಗತ್ತಿಗೆ ತಿಳಿದಿತ್ತು.

ಇಲ್ಲಿ ನಡೆಯುವುದು ಜೀನಿನ ಬರಹದ ತಿದ್ದುಪಡಿಯಲ್ಲ. ಯಾವ ಜೀನನ್ನು ಜೀವಕೋಶ ಎಷ್ಟು ಓದುತ್ತದೆ ಎಂಬುದರ ವ್ಯತ್ಯಾಸ. ಜರಾಯುವಿನ ಕೋಶಗಳಲ್ಲಿ ಪಿಪಿಎಆರ್ ಗಾಮಾ ಎಂಬ ಪ್ರೋಟೀನು ಅನೇಕ ಜೀನ್‌ಗಳಿಗೆ ಸ್ವಿಚ್ಚಿನ ಗುಂಡಿಯಂತೆ ಕೆಲಸ ಮಾಡುತ್ತದೆ. ಅದಿಲ್ಲದ ಇಲಿಗಳಲ್ಲಿ ಜರಾಯು ಸರಿಯಾಗಿ ರೂಪುಗೊಳ್ಳದೆ ಭ್ರೂಣಗಳೇ ಸಾಯುತ್ತವೆ. ಎಂಇಎಚ್‌ಪಿ ಈ ಗುಂಡಿಯನ್ನು ಅಕಾಲದಲ್ಲಿ ಒತ್ತಬಲ್ಲದು. ಇದಲ್ಲದೆ, ಐಜಿಎಫ್2 ಮತ್ತು ಎಚ್19ರಂಥ ಬೆಳವಣಿಗೆಗೆ ಸಂಬಂಧಿಸಿದ ಜೀನ್‌ಗಳ ಮೇಲಿನ ಮೀಥೈಲ್ ಗುರುತುಗಳಲ್ಲೂ (ಜೀನಿನ ಓದನ್ನು ಹೆಚ್ಚು ಕಡಿಮೆ ಮಾಡಬಲ್ಲ ರಾಸಾಯನಿಕ ಗುರುತುಗಳು) ಥ್ಯಾಲೇಟ್ ಪ್ರಮಾಣದೊಂದಿಗೆ ನಂಟುಳ್ಳ ಏರುಪೇರುಗಳು ಕೆಲವು ಅಧ್ಯಯನಗಳಲ್ಲಿ ಕಂಡುಬಂದಿವೆ.

ನಂಟು ಎಂದೆನೇ ಹೊರತು ಕಾರಣ ಎನ್ನಲಿಲ್ಲ. ಇಂಥ ಹಲವು ಅಧ್ಯಯನಗಳು ಗರ್ಭಿಣಿಯ ಒಂದೆರಡು ಮೂತ್ರದ ಮಾದರಿಗಳನ್ನು ಆಧರಿಸುತ್ತವೆ, ಆದರೆ ಈ ರಾಸಾಯನಿಕಗಳ ಮಟ್ಟ ಗಂಟೆಗಳಲ್ಲೇ ಏರಿಳಿಯುತ್ತದೆ. ಪರೀಕ್ಷೆಗೆ ಸಿಗುವ ಮಾಸು ಹೆರಿಗೆಯ ಹೊತ್ತಿನದು, ಜರಾಯು ರೂಪುಗೊಂಡ ಮೊದಲ ವಾರಗಳದ್ದಲ್ಲ. ಗಂಡು ಶಿಶುವಿನ ಜರಾಯುವಿನಲ್ಲೂ ಹೆಣ್ಣು ಶಿಶುವಿನ ಜರಾಯುವಿನಲ್ಲೂ ಪರಿಣಾಮ ಒಂದೇ ತೆರನಾಗಿ ಕಂಡಿಲ್ಲ ಎಂಬುದನ್ನೂ ವರದಿಗಾರರು ಬಿಟ್ಟುಬಿಡಬಾರದು.

ಪದವೊಂದರ ಬಗ್ಗೆ ಇಷ್ಟೇಕೆ ಎಂದು ಕೇಳಬಹುದು. ಜೀನ್ ಕೆಟ್ಟಿತು ಎಂದರೆ ಅದು ಮುಗಿದುಹೋದ ಮಾತು. ಚಟುವಟಿಕೆ ಬದಲಾಯಿತು ಎಂದರೆ ಬೇಗನೆ ದೇಹ ಬಿಟ್ಟುಹೋಗುವ ಈ ವಸ್ತುವನ್ನು ದಿನದಿನವೂ ಮತ್ತೆ ಒಳಗೆ ಸೇರಿಸುತ್ತಿರುವುದು ಯಾವುದು ಎಂಬ ಪ್ರಶ್ನೆ ಏಳುತ್ತದೆ. ಆಟಿಕೆಗಳಲ್ಲಿ ಕೆಲವು ಥ್ಯಾಲೇಟ್‌ಗಳು ಶೇ 0.1ನ್ನು ಮೀರಬಾರದೆಂದು ಯುರೋಪಿಯನ್ ಒಕ್ಕೂಟ 2005ರಲ್ಲೂ ಅಮೆರಿಕ 2008ರಲ್ಲೂ ನಿಯಮ ತಂದವು. ಮಗು ಆಟಿಕೆಯನ್ನು ಬಾಯಿಗಿಡುವುದಕ್ಕೆ ಎಷ್ಟೋ ತಿಂಗಳು ಮೊದಲೇ ಅದರ ಜರಾಯು ಇವುಗಳಿಗೆ ಒಡ್ಡಿಕೊಂಡಿರುತ್ತದೆ. ಬಿಸಿ ಆಹಾರವನ್ನು ಪ್ಲಾಸ್ಟಿಕ್ಕಿನಲ್ಲಿ ಇಡಬೇಡಿ ಎಂದು ತಾಯಂದಿರಿಗೆ ಉಪದೇಶಿಸುವುದು ಸುಲಭ, ಆದರೆ ನೆಲಹಾಸಿನಲ್ಲಿ ಏನು ಬೆರೆತಿದೆ ಎಂದು ಯಾವ ಚೀಟಿಯೂ ಹೇಳದಿರುವಾಗ ಅವರು ಧೂಳನ್ನು ಆಯ್ದುಕೊಂಡು ಉಸಿರಾಡಲಾರರು. ಆದ್ದರಿಂದ ಥ್ಯಾಲೇಟ್‌ಗಳ ಬದಲಿಗೆ ಬರುತ್ತಿರುವ ಹೊಸ ಮೆದುಕಾರಕಗಳನ್ನು ಮಾರುಕಟ್ಟೆಗೆ ಬಿಡುವ ಮುನ್ನ ಜರಾಯುವಿನ ಕೋಶಗಳ ಮೇಲೂ ಪರೀಕ್ಷಿಸಲಾಗಿದೆಯೇ ಎಂದು ತಯಾರಕರನ್ನು ತಮ್ಮ ಪತ್ರಿಕೆ ಕೇಳಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಓದುಗ