ಪೇಪರ್ ಸೆಟ್ ಮಾಡಲು ಹೊರಟ ಗೆಳೆಯನಿಗೊಂದು ಪತ್ರ

ಉಡುಪಿ

ಪ್ರೀತಿಯ ಗೆಳೆಯಾ,

ಈ ಸಲ ಪೇಪರ್ ಸೆಟ್ ಮಾಡುವ ಕೆಲಸ ನಿನ್ನ ತಲೆಗೆ ಬಂತಂತೆ. ಪಾಪ ಅನ್ನಬೇಕೋ, ಮಕ್ಕಳು ಬಚಾವಾದರು ಅನ್ನಬೇಕೋ ಗೊತ್ತಾಗಲಿಲ್ಲ. ಕೂತು ಬರೆಯುವ ಮೊದಲು ಇದನ್ನೊಂದು ಓದಿಬಿಡು ಮಾರಾಯ.

ಮಲ್ಪೆಯಲ್ಲಿರುವ ಅಕ್ಕನ ಮಗಳಿಗೆ ಯೂನಿಟ್ ಟೆಸ್ಟಿನಲ್ಲಿ ಒಂದು ಪ್ರಶ್ನೆ ಬಂದಿತ್ತು. ಗುಂಪಿಗೆ ಸೇರದ್ದನ್ನು ಗುರುತಿಸಿ: ಬಂಗುಡೆ, ಬೂತಾಯಿ, ಸಿಗಡಿ, ತಿಮಿಂಗಿಲ. ಅವಳು ಸಿಗಡಿ ಅಂತ ಬರೆದಳು. ಉಳಿದ ಮೂರಕ್ಕೂ ಬೆನ್ನುಮೂಳೆ ಇದೆ, ಸಿಗಡಿಗಿಲ್ಲ. ಕೀ ಆನ್ಸರ್‌ನಲ್ಲಿ ಇದ್ದದ್ದು ತಿಮಿಂಗಿಲ, ಮರಿಗೆ ಹಾಲೂಡಿಸುವ ಪ್ರಾಣಿ ಅಂತ. ಎರಡೂ ಸರಿಯಲ್ವಾ? ಅವಳಿಗೆ ಸಿಕ್ಕಿದ್ದು ಸೊನ್ನೆ. ಪಕ್ಕದ ಮನೆ ಹುಡುಗ ತಿಮಿಂಗಿಲ ಅಂತಲೇ ಬರೆದಿದ್ದ, ಪೂರ್ತಿ ಅಂಕ. ಯಾಕೆ ಹಾಗೆ ಬರೆದೆ ಅಂತ ಕೇಳಿದರೆ, "ಬಂದರಿನಲ್ಲಿ ಅದನ್ನ ಯಾರೂ ಮಾರೋದಿಲ್ಲ" ಅಂದ! ಅವನ ಲೆಕ್ಕಾಚಾರವನ್ನೂ ತಪ್ಪು ಅನ್ನೋ ಹಾಗಿಲ್ಲ ಬಿಡು. ಯಾವ ಗುಂಪು ಅಂತ ಪ್ರಶ್ನೆಯಲ್ಲಿ ಎಲ್ಲಿತ್ತು? "ಕಾರಣ ಬರೆಯಿರಿ" ಅಂತ ಸೇರಿಸಿದ್ದರೆ ಇಷ್ಟು ರಾಮಾಯಣ ಇರಲಿಲ್ಲ.

ಹಳೆ ಗೈಡಿನಿಂದ ಪ್ರಶ್ನೆ ಎತ್ತಲು ಮಾತ್ರ ಹೋಗಬೇಡ. ಕರ್ನಾಟಕದ ಕರಾವಳಿ ಜಿಲ್ಲೆಗಳು ಎಷ್ಟು? 1997ರ ಆಗಸ್ಟಿನಲ್ಲಿ ಉಡುಪಿ ಬೇರೆ ಆಗುವವರೆಗೆ ಎರಡು, ಆಮೇಲೆ ಮೂರು. ಹಳೆ ಉತ್ತರವೇ ಉಳಿದುಬಿಟ್ಟರೆ ಇಲ್ಲಿನ ಮಗು ತನ್ನ ಜಿಲ್ಲೆಯನ್ನೇ ಬಿಟ್ಟು ಲೆಕ್ಕ ಹಾಕಬೇಕು.

ಇದೆಲ್ಲ ಸಣ್ಣ ವಿಷಯ ಅಂತ ನಗಬೇಡ. 2024ರ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ. ಭೌತಶಾಸ್ತ್ರದಲ್ಲಿ ಎರಡು ಹೇಳಿಕೆ ಕೊಟ್ಟು ಸರಿಯೋ ತಪ್ಪೋ ಅಂತ ಕೇಳಿದ್ದರು. ಅದರಲ್ಲಿ ಒಂದು, ಪ್ರತಿ ಧಾತುವಿನ ಪರಮಾಣುಗಳೂ ಸ್ಥಿರ ಅನ್ನೋದು. ಎನ್‌ಸಿಇಆರ್‌ಟಿಯ ಹಳೆ ಪುಸ್ತಕದಲ್ಲಿ ಹಾಗೇ ಇತ್ತು. ಹೊಸದರಲ್ಲಿ "ಹೆಚ್ಚಿನ ಧಾತುಗಳ" ಅಂತ ತಿದ್ದಿದ್ದಾರೆ. ತಾನಾಗಿಯೇ ಕ್ಷಯಿಸುವ ಯುರೇನಿಯಂ ನೆನಪಾದವನು ತಪ್ಪು ಅಂದ, ಅಣ್ಣನ ಹಳೆ ಪುಸ್ತಕ ಓದಿದವನು ಸರಿ ಅಂದ. ಪರೀಕ್ಷೆ ನಡೆಸುವ ಎನ್‌ಟಿಎ ಇಬ್ಬರಿಗೂ ನಾಲ್ಕು ನಾಲ್ಕು ಅಂಕ ಕೊಟ್ಟು ಕೈತೊಳೆದುಕೊಂಡಿತು. ಮೈನಸ್ ಅಂಕಕ್ಕೆ ಹೆದರಿ ಪ್ರಶ್ನೆಯನ್ನೇ ಬಿಟ್ಟವರ ಗತಿ? ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ದೆಹಲಿ ಐಐಟಿಯ ಮೂವರು ತಜ್ಞರು ಕೂತು ಒಂದೇ ಉತ್ತರ ಸರಿ ಅಂದರು. ಇನ್ನೊಂದು ಉತ್ತರ ಬರೆದವರ ಅಂಕ ಹೋಗಿ, 720ಕ್ಕೆ 720 ತೆಗೆದವರು 61 ಮಂದಿ ಇದ್ದದ್ದು 17ಕ್ಕೆ ಇಳಿಯಿತು. ಮಂಗಳೂರಿನ ಹಾಸ್ಟೆಲಿನಲ್ಲಿ ಮಕ್ಕಳನ್ನು ಬಿಟ್ಟು ಓದಿಸುವ ಅಪ್ಪ ಅಮ್ಮಂದಿರಿಗೆ ನಾಲ್ಕು ಅಂಕ ಅಂದರೆ ಏನು ಅಂತ ನಿನಗೇ ಗೊತ್ತು. ಮೇಲಿಂದ, ಕೀ ತಪ್ಪು ಅಂತ ಆಕ್ಷೇಪ ಹಾಕಲು ಒಂದೊಂದು ಪ್ರಶ್ನೆಗೆ 200 ರೂಪಾಯಿ ಕಟ್ಟಬೇಕು. ತಪ್ಪು ಅವರದ್ದು, ದುಡ್ಡು ನಮ್ಮದು!

ನನಗೆ ತುಂಬಾ ಇಷ್ಟವಾದದ್ದು 1982ರ ಅಮೆರಿಕದ ಕಾಲೇಜು ಪ್ರವೇಶದ ಸ್ಯಾಟ್ ಪರೀಕ್ಷೆಯ ಪ್ರಶ್ನೆ. ದೊಡ್ಡ ವೃತ್ತದ ಸುತ್ತ ಅದರ ಮೂರನೇ ಒಂದು ಭಾಗ ತ್ರಿಜ್ಯದ ಸಣ್ಣ ವೃತ್ತ ಉರುಳುತ್ತಾ ಹೋಗಿ ಹೊರಟಲ್ಲಿಗೇ ಬರುತ್ತದೆ. ಸಣ್ಣದು ಒಟ್ಟು ಎಷ್ಟು ಸುತ್ತು ತಿರುಗಿತು? ಮೂರು ಅಂತ ಕೀ. ನಿಜವಾದ ಉತ್ತರ ನಾಲ್ಕು, ಅದು ಆಯ್ಕೆಗಳಲ್ಲೇ ಇರಲಿಲ್ಲ. ನಂಬಿಕೆ ಬರದಿದ್ದರೆ ಒಂದೇ ಥರದ ಎರಡು ಒಂದು ರೂಪಾಯಿ ನಾಣ್ಯ ತಗೋ. ಒಂದನ್ನು ಮೇಜಿನ ಮೇಲೆ ಒತ್ತಿ ಹಿಡಿ. ಇನ್ನೊಂದನ್ನು ಸಿಂಹ ನೆಟ್ಟಗೆ ನಿಂತಿರುವ ಹಾಗೆ ಅದರ ಮೇಲಂಚಿಗೆ ತಾಗಿಸಿ, ಜಾರದ ಹಾಗೆ ಅಂಚಿನುದ್ದಕ್ಕೂ ಉರುಳಿಸು. ಕೆಳಗಿನ ಅಂಚಿಗೆ ಬರುವಷ್ಟರಲ್ಲೇ ಸಿಂಹ ಮತ್ತೆ ನೆಟ್ಟಗಾಗಿರುತ್ತದೆ. ಅರ್ಧ ದಾರಿಗೇ ಒಂದು ಸುತ್ತು ಮುಗಿಯಿತು! ಪೂರ್ತಿ ಬಂದರೆ ಎರಡು. ಪರಿಧಿಯ ಲೆಕ್ಕದಲ್ಲಿ ಒಂದೇ ಆಗಬೇಕಿತ್ತಲ್ವಾ? ಸುತ್ತಿ ಬರುವುದಕ್ಕೇ ಒಂದು ಸುತ್ತು ಜಾಸ್ತಿ, ಹಾಗಾಗಿ ಅಲ್ಲೂ ಮೂರಕ್ಕೆ ಒಂದು ಸೇರಿ ನಾಲ್ಕು. ಸುಮಾರು ಮೂರು ಲಕ್ಷ ಮಂದಿ ಬರೆದ ಪರೀಕ್ಷೆ ಅದು. ತಪ್ಪು ಹಿಡಿದು ಪತ್ರ ಬರೆದದ್ದು ಮೂವರೇ ವಿದ್ಯಾರ್ಥಿಗಳು. ಆ ಪ್ರಶ್ನೆ ತೆಗೆದುಹಾಕಿ ಅಂಕ ಮತ್ತೆ ಲೆಕ್ಕ ಹಾಕಿದರು.

ಇಂಥ ಪ್ರಶ್ನೆಯಲ್ಲಿ ಏಟು ತಿನ್ನುವುದು ಸ್ವಲ್ಪ ಜಾಸ್ತಿ ಗೊತ್ತಿರುವ ಮಗುವೇ. ಹಾಗಾಗಿ ಪೇಪರ್ ಆದ ಮೇಲೆ, ಕೀ ತೋರಿಸದೆ ಸ್ಟಾಫ್ ರೂಮಿನಲ್ಲಿ ತಕರಾರು ತೆಗೆಯುವ ಒಬ್ಬರು ಇರ್ತಾರಲ್ಲ, ಅವರ ಕೈಯಲ್ಲೇ ಬಿಡಿಸು. ಅವರ ಉತ್ತರ ನಿನ್ನದಕ್ಕೆ ತಾಳೆ ಆಗದಿದ್ದರೆ ವಾದಕ್ಕಿಳಿಯಬೇಡ, ಪ್ರಶ್ನೆಯನ್ನೇ ಹೊಡೆದು ಹಾಕು. ಕಾಫಿ ಖರ್ಚು ನಾನು ಕೊಡ್ತೇನೆ.

ಇಂತಿ ನಿನ್ನ,
ಹಳೆ ಬೆಂಚ್‌ಮೇಟ್