ವಿಷಯ: ಶೆಡ್ಡಿನ ಅಲಾರಂ ಝೋನನ್ನು ನನಗೆ ತಿಳಿಸದೆ ಬಂದ್ ಮಾಡಿರುವ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ವಾಟ್ಸಾಪಿನಲ್ಲಿ ಕಳಿಸಿದ ಫೋಟೊಗಳನ್ನು ನೋಡಿದ್ದೀರಿ ಎಂಬ ನೀಲಿ ಗುರುತು ಬಿದ್ದಿದೆ, ಉತ್ತರ ಬಂದಿಲ್ಲ. ಮೊನ್ನೆ ನಿಮ್ಮ ಕಂಪನಿಯಿಂದ ಕೊನೆಗೂ ಒಂದು ಸಂದೇಶ ಬಂತು. ವಾರ್ಷಿಕ ನಿರ್ವಹಣೆಯ ಕರಾರನ್ನು (ಎಎಂಸಿ) ನವೀಕರಿಸಬೇಕಂತೆ, ಶೆಡ್ಡಿನ ಹೆಚ್ಚುವರಿ ಝೋನಿಗೂ, ಅಂದರೆ ಅಲಾರಂ ಕಾಯುವ ಶೆಡ್ಡಿನ ಭಾಗಕ್ಕೂ, ಸೇರಿಸಿ ಹಣ ಕಟ್ಟಬೇಕಂತೆ. ಅದೇ ಶೆಡ್ಡಿನಿಂದ ನಾಲ್ಕು ಚೀಲ ಅಡಿಕೆ ಕಳುವಾಗಿದೆ. ಆ ರಾತ್ರಿ ನಿಮ್ಮ ಸೈರನ್ ಕೂಗಲಿಲ್ಲ. ಯಾಕೆ ಕೂಗಲಿಲ್ಲ ಎಂದು ಕೇಳಿದರೆ ಹೇಳುವವರಿಲ್ಲ, ಬಿಲ್ ಮಾತ್ರ ಸರಿಯಾದ ದಿನಕ್ಕೆ ಬರುತ್ತದೆ. ಹಾಗಾಗಿ ಇನ್ನು ಮೇಲೆ ಮಾತೆಲ್ಲ ಬರಹದಲ್ಲೇ ಆಗಲಿ.

ನಮ್ಮದು ಸಾಗರ ತಾಲ್ಲೂಕಿನ ಒಂಟಿಮನೆ. ಮನೆಯೊಳಗೆ ನೀವು ಹಾಕಿಕೊಟ್ಟ ಅಲಾರಂ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಅದನ್ನು ಶೆಡ್ಡಿಗೆ ವಿಸ್ತರಿಸಿದ ಕೆಲಸದ ಬಗ್ಗೆ. ಶೆಡ್ಡು ಅಂಗಳದಾಚೆ ಇದೆ, ಮನೆಯಿಂದ ಸುಮಾರು 40 ಮೀಟರ್ ದೂರ. ಜೀಪು ನಿಲ್ಲಿಸಲೆಂದು ಕಟ್ಟಿಸಿದ್ದು. ಈಗ ಅರ್ಧದಲ್ಲಿ ಜೀಪು, ಇನ್ನರ್ಧದಲ್ಲಿ ಸುಲಿದು ಬೇಯಿಸಿ ಒಣಗಿಸಿದ ಅಡಿಕೆ. ದರ ನೋಡಿ ಕೊಡೋಣವೆಂದು ಕಾಯುವ ಬೆಳೆಗಾರರ ವರ್ಷದ ದುಡಿಮೆ ಬ್ಯಾಂಕಿನಲ್ಲಿರುವುದಿಲ್ಲ, ಗೋಣಿಚೀಲದಲ್ಲಿರುತ್ತದೆ. ಸರ್ವೆಗೆ ಬಂದ ನಿಮ್ಮವರಿಗೆ ಇದನ್ನು ಬಿಡಿಸಿ ಹೇಳಿದ್ದೆ. ಮನೆಗಿಂತ ಹೆಚ್ಚು ಕಾವಲು ಬೇಕಾಗಿರುವುದು ಆ ಶೆಡ್ಡಿಗೆ ಎಂದೂ ಹೇಳಿದ್ದೆ.

ಅವರು ಕೊಟ್ಟ ಕೊಟೇಶನ್ ಚೆನ್ನಾಗಿಯೇ ಇತ್ತು. ನೆಲದಡಿ ಪೈಪಿನಲ್ಲಿ ಲೋಹದ ಕವಚವಿರುವ ಆರ್ಮರ್ಡ್ ಕೇಬಲ್, ಎರಡೂ ತುದಿಗೆ ಸಿಡಿಲಿನ ಹೊಡೆತ ತಡೆಯುವ ಸರ್ಜ್ ಪ್ರೊಟೆಕ್ಟರ್, ಹೊರಗೋಡೆಗೆ ತನ್ನದೇ ಬ್ಯಾಟರಿ ಇರುವ ಸೈರನ್, ಶೆಡ್ಡಿಗೆ ಪ್ರತ್ಯೇಕ ಪಾರ್ಟಿಷನ್, ಅಂದರೆ ಮನೆಯ ಅಲಾರಂ ಆಫ್ ಮಾಡಿದರೂ ಶೆಡ್ಡಿನದು ಆನ್ ಇರುವ ವ್ಯವಸ್ಥೆ. ಈ ಪಾರ್ಟಿಷನ್ ನಾನೇ ಕೇಳಿ ಹಾಕಿಸಿದ್ದು. ಹಗಲು ನಾವು ಮನೆಯಲ್ಲಿ ಓಡಾಡುವಾಗ ಮನೆಯ ಅಲಾರಂ ಆಫ್ ಇರಲೇಬೇಕು. ಶೆಡ್ಡೂ ಅದಕ್ಕೇ ಜೋತುಬಿದ್ದಿದ್ದರೆ ಮನೆಯಲ್ಲಿ ಜನ ಇರುವಷ್ಟು ಹೊತ್ತೂ ಅಡಿಕೆಗೆ ಕಾವಲಿಲ್ಲ ಎಂದಾಯಿತು. ನಿಮ್ಮ ಕಂಪನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 

ಬಂದದ್ದು ಬೇರೆ. ಮೊದಲು ವೈರ್‌ಲೆಸ್ ಸೆನ್ಸರ್ ಅಂಟಿಸಿ ಹೋದರು. ಜಂಬಿಟ್ಟಿಗೆಯ ದಪ್ಪ ಗೋಡೆ, ಮೇಲೆ ತಗಡು, ಮುಂದೆ ಕಬ್ಬಿಣದ ರೋಲಿಂಗ್ ಶಟರ್. ಅದರೊಳಗಿನಿಂದ 433 ಮೆಗಾಹರ್ಟ್ಸ್‌ನ ಸಣ್ಣ ಸಿಗ್ನಲ್ 40 ಮೀಟರ್ ದಾಟಿ ಇನ್ನೊಂದು ಜಂಬಿಟ್ಟಿಗೆ ಗೋಡೆಯೊಳಗೆ ಬರಲಿಲ್ಲ. ಮಧ್ಯೆ ಸಿಗ್ನಲನ್ನು ಮುಂದಕ್ಕೆ ದಾಟಿಸುವ ರಿಪೀಟರ್ ಕೊಡಿ ಎಂದೆ, ಸ್ಟಾಕ್ ಇಲ್ಲ ಎಂದರು. ಆಮೇಲೆ ವೈರ್ ಎಳೆದರು. ನೆಲ ಅಗೆಯಲಿಲ್ಲ. ಶೆಡ್ಡಿಗೆ ಹೋಗುವ 230 ವೋಲ್ಟಿನ ಕರೆಂಟ್ ವೈರಿಗೇ ತೆಳುವಾದ ಅಲಾರಂ ವೈರನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಅಂಗಳದ ಮೇಲಿಂದ ತಂದರು. ಮಲೆನಾಡಿನಲ್ಲಿ ಏಪ್ರಿಲ್, ಮೇ ತಿಂಗಳ ಸಿಡಿಲು ಹೇಗಿರುತ್ತದೆ ಎಂದು ಇಲ್ಲಿ ವ್ಯಾಪಾರ ಮಾಡುವವರಿಗೆ ತಿಳಿದಿರಬೇಕು. ಎರಡು ಕಟ್ಟಡಗಳ ಮಧ್ಯೆ ತೆರೆದ ಗಾಳಿಯಲ್ಲಿ ತೂಗುವ ವೈರು ಸಿಡಿಲಿನ ಹೊಡೆತವನ್ನು ನೇರವಾಗಿ ಮನೆಯೊಳಗಿನ ಅಲಾರಂ ಪ್ಯಾನಲ್‌ಗೆ ತಂದು ಸುರಿಯುತ್ತದೆ. ಸರ್ಜ್ ಪ್ರೊಟೆಕ್ಟರ್ ಇವತ್ತಿಗೂ ಬಂದಿಲ್ಲ.

ಇನ್ನೊಂದು ವಿಷಯ. ವೈರಿನ ಕೊನೆಯಲ್ಲಿ, ಅಂದರೆ ಶೆಡ್ಡಿನ ಶಟರ್ ಹತ್ತಿರ ಇರಬೇಕಾದ ರೆಸಿಸ್ಟರನ್ನು ಮನೆಯೊಳಗಿನ ಪ್ಯಾನಲ್ ಡಬ್ಬಿಯಲ್ಲೇ ಸಿಕ್ಕಿಸಿದ್ದಾರೆ. ಹೀಗಿದ್ದರೆ ಅಂಗಳದಲ್ಲಿ ಯಾರಾದರೂ ಎರಡು ತಂತಿಗಳನ್ನು ಸುಲಿದು ಒಟ್ಟಿಗೆ ತಿರುಚಿದರೆ ಸಾಕು, ಆಮೇಲೆ ಶಟರ್ ಎತ್ತಿದರೂ ಪ್ಯಾನಲ್‌ಗೆ ಎಲ್ಲ ಸರಿಯಿರುವಂತೆ ಕಾಣುತ್ತದೆ. ಆ ರೆಸಿಸ್ಟರ್ ಇರುವುದೇ ಇಂಥದ್ದನ್ನು ಹಿಡಿಯಲು.

ಕಾದ ತಗಡಿನ ಕೆಳಗೆ, ಶಟರಿಗೆ ಮುಖಮಾಡಿ ಮೋಷನ್ ಸೆನ್ಸರ್ ಇಟ್ಟಿದ್ದರಿಂದ ಶೆಡ್ಡಿನ ಅಲಾರಂ ಹೊತ್ತುಗೊತ್ತಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಬಿಸಿಯ ಏರುಪೇರು, ಇಲಿ, ಬಾವಲಿ, ಯಾವುದಕ್ಕೂ ಕೂಗುತ್ತಿತ್ತು. ದೂರು ಕೊಟ್ಟೆ. ನಿಮ್ಮ ಟೆಕ್ನಿಷಿಯನ್ ಬಂದರು, ಶೆಡ್ಡಿನ ಕಡೆ ಕಾಲನ್ನೂ ಹಾಕಲಿಲ್ಲ. ಮನೆಯೊಳಗೆ ಕೀಪ್ಯಾಡಿನಲ್ಲಿ ಏನೋ ಒತ್ತಿ, "ಸರಿ ಆಯ್ತು ಮೇಡಂ, ಓಟಿಪಿ ಬಂದಿರುತ್ತೆ ಹೇಳಿ, ನಾನು ಬಂದಿದ್ದೆ ಅನ್ನೋದಕ್ಕೆ ಬೇಕು" ಎಂದರು. ಆ ಓಟಿಪಿಯನ್ನು ನಿಮ್ಮ ದಾಖಲೆಯಲ್ಲಿ "ಗ್ರಾಹಕರು ತೃಪ್ತರು, ದೂರು ಮುಕ್ತಾಯ" ಎಂದು ಬರೆದುಕೊಂಡಿದ್ದೀರಿ.

ಅಂದಿನಿಂದ ಶೆಡ್ಡಿನ ಅಲಾರಂ ಹೊಡೆದುಕೊಳ್ಳಲಿಲ್ಲ. ಕಳ್ಳರು ಬಂದ ರಾತ್ರಿಯೂ ಹೊಡೆದುಕೊಳ್ಳಲಿಲ್ಲ. ಶಟರಿನ ಬೀಗ ಕತ್ತರಿಸಿ ರಾಶಿ ಎಂಬ ಬಗೆಯ ಅಡಿಕೆಯ ನಾಲ್ಕು ಚೀಲ, ಕಳೆ ಕೊಚ್ಚುವ ಮಷಿನ್ ಒಯ್ದಿದ್ದಾರೆ. ಕ್ವಿಂಟಾಲಿಗೆ ನಲವತ್ತು ಸಾವಿರ ಎಂದು ಹಿಡಿದರೂ ಅಡಿಕೆಯೊಂದೇ ಲಕ್ಷ ದಾಟುತ್ತದೆ. ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಗಿದೆ. ನಂತರ ಬೇರೊಬ್ಬ ಎಲೆಕ್ಟ್ರಿಷಿಯನ್ ಪ್ಯಾನಲ್ ನೋಡಿದಾಗ ಗೊತ್ತಾಯಿತು: ಶೆಡ್ಡಿನ ಝೋನನ್ನು "ಬಳಕೆಯಲ್ಲಿಲ್ಲ" ಎಂದು ಬದಲಿಸಲಾಗಿದೆ. ಬದಲಿಸಿದ್ದು ಅಲಾರಂ ಹಾಕುವವರ ಗುಪ್ತಸಂಖ್ಯೆಯಾದ ಇನ್‌ಸ್ಟಾಲರ್ ಕೋಡಿನಿಂದ, ನಿಮ್ಮವರು ಬಂದಿದ್ದ ದಿನವೇ. ಪ್ಯಾನಲ್‌ನ ಲಾಗ್, ಅಂದರೆ ಯಾವಾಗ ಏನಾಯಿತು ಎಂದು ಅದು ಬರೆದಿಟ್ಟುಕೊಳ್ಳುವ ದಾಖಲೆ, ಇದನ್ನು ಹೇಳುತ್ತದೆ, ಅದರ ಫೋಟೊ ನನ್ನಲ್ಲಿದೆ. ಆ ಕೋಡು ನನಗೆ ನೀವು ಕೊಟ್ಟೇ ಇಲ್ಲ. ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿ, ಈಗ ಗಲಾಟೆ ಇಲ್ಲ ನೋಡಿ ಎಂದು ಹೇಳಿ ಹೋದ ಹಾಗಾಯಿತು ಇದು.

ಈ ಫೋಟೊ ಹಿಡಿದುಕೊಂಡು ನಾನು ಶಿವಮೊಗ್ಗದ ನಿಮ್ಮ ಕಚೇರಿಗೆ ಬಂದಿದ್ದೆ. ಅಲ್ಲಿ ನಡೆದದ್ದನ್ನು ನೀವು ಪೂರ್ತಿ ಓದಬೇಕು.

ಶಾಖೆಯ ವ್ಯವಸ್ಥಾಪಕರು ಸಿಸಿಟಿವಿ ಕೊಳ್ಳಲು ಬಂದ ಗಿರಾಕಿಯೊಬ್ಬರ ಜೊತೆ ಕುಳಿತಿದ್ದರು. ನನ್ನನ್ನು ನೋಡಿದವರೇ, "ಕೂತ್ಕೊಳಿ ಅಮ್ಮ. ಯಜಮಾನ್ರು ಬಂದಿಲ್ವಾ?" ಎಂದರು. ಕರಾರು ನನ್ನ ಹೆಸರಿನಲ್ಲಿದೆ ಎಂದೆ. "ಅಲ್ಲ, ಇದೆಲ್ಲ ಟೆಕ್ನಿಕಲ್ ನೋಡಿ. ಅವ್ರಿಗೆ ಫೋನ್ ಮಾಡಿ ಕೊಡಿ, ನಾನು ಹೇಳ್ತೀನಿ" ಎಂದರು. ತೋಟದ ಲೆಕ್ಕ, ಈ ಅಲಾರಂ, ಎರಡನ್ನೂ ನೋಡಿಕೊಳ್ಳುವುದು ನಾನೇ, ನನಗೇ ಹೇಳಿ ಎಂದೆ. ಫೋನನ್ನು ಅವರ ಮುಂದಿಟ್ಟೆ. ಅವರು ಎತ್ತಿ ನೋಡಲಿಲ್ಲ, ಬೆರಳಿನಿಂದ ನನ್ನ ಕಡೆಗೇ ಸರಿಸಿದರು. "ಲಾಗ್ ಅಂತೆ! ಯೂಟ್ಯೂಬ್ ನೋಡಿ ಎಲ್ರೂ ಎಂಜಿನಿಯರ್ ಆಗ್ಬಿಟ್ಟಿದ್ದಾರೆ" ಎಂದು ಆ ಗಿರಾಕಿಯ ಮುಖ ನೋಡಿ ನಕ್ಕರು. ಝೋನ್ ಯಾರು ಬಂದ್ ಮಾಡಿದ್ದು, ಅಷ್ಟು ಹೇಳಿ ಎಂದು ಮತ್ತೆ ಕೇಳಿದೆ. ಅಷ್ಟರಲ್ಲಿ ಚಹಾ ಬಂತು. ಗಿರಾಕಿಗೊಂದು, ಅವರಿಗೊಂದು. ಕುಡಿಯುತ್ತ ನನಗಲ್ಲ, ಆ ಗಿರಾಕಿಗೆ ಹೇಳಿದರು: "ಹೊಡ್ಕೊಂಡ್ರೆ ಹೊಡ್ಕೊಳ್ತು ಅಂತ ಕಂಪ್ಲೇಂಟು, ಹೊಡ್ಕೊಳ್ಳಿಲ್ಲ ಅಂದ್ರೆ ಹೊಡ್ಕೊಳ್ಳಿಲ್ಲ ಅಂತ ಕಂಪ್ಲೇಂಟು. ಹಳ್ಳಿ ಕಡೆ ಹಾಕಿಕೊಡೋದೇ ತಪ್ಪು." ನಾನು ಎದ್ದು ನಿಂತಾಗ, "ಒಂದು ಒಳ್ಳೆ ನಾಯಿ ಸಾಕಿ ಅಮ್ಮ, ಎಎಂಸಿನೂ ಬೇಡ" ಎಂದರು. ಕೌಂಟರಿನ ಹಿಂದಿದ್ದ ಹುಡುಗರಿಬ್ಬರೂ ನಕ್ಕರು.

ನಮ್ಮ ಕಡೆ ರಾತ್ರಿ ನಾಯಿಯನ್ನು ಹೊರಗೆ ಕಟ್ಟಿದರೆ ಚಿರತೆ ಉಳಿಸುವುದಿಲ್ಲ. ಅದಕ್ಕೇ ನಿಮಗೆ ದುಡ್ಡು ಕೊಟ್ಟೆ. ನಾಯಿ ಸಾಕುವ ಸಲಹೆ ಕೊಡುವುದಾಗಿದ್ದರೆ ಮುಂಗಡ ತೆಗೆದುಕೊಳ್ಳುವ ಮೊದಲು ಕೊಡಬೇಕಿತ್ತು. ನನ್ನ ವಯಸ್ಸು, ನನ್ನ ಹಳ್ಳಿ, ನಾನು ಹೆಂಗಸು ಎಂಬುದು, ಇವು ಯಾವುವೂ ನನ್ನ ಪ್ರಶ್ನೆಗೆ ಉತ್ತರವಲ್ಲ. ನನ್ನ ಪ್ರಶ್ನೆ ಹಾಗೇ ಇದೆ: ಝೋನ್ ಬಂದ್ ಮಾಡಿದ್ದು ಯಾರು, ಯಾರ ಅಪ್ಪಣೆಯ ಮೇಲೆ, ನನಗೆ ಯಾಕೆ ಹೇಳಲಿಲ್ಲ?

ಕೊಟೇಶನ್ನಿನಲ್ಲಿ ಬರೆದ ಕೆಲಸವನ್ನು ಬರೆದ ಹಾಗೆ ಮಾಡಿಕೊಡಿ, ಇಲ್ಲವೇ ವಿಸ್ತರಣೆಗೆ ತೆಗೆದುಕೊಂಡ ಹಣವನ್ನು ವಾಪಸ್ ಮಾಡಿ. ಕಳುವಾದ ಮಾಲಿನ ನಷ್ಟಕ್ಕೆ ನಿಮ್ಮ ಹೊಣೆ ಏನು ಎಂದು ಬರಹದಲ್ಲಿ ತಿಳಿಸಿ. ಆ ವ್ಯವಸ್ಥಾಪಕರಿಂದ ನನಗೆ ಕ್ಷಮೆ ಬೇಕು, ಅದೂ ಬರಹದಲ್ಲಿ. ಹದಿನೈದು ದಿನ ಕೊಡುತ್ತೇನೆ.

ಆಮೇಲೆ ನಾನು ನಿಮ್ಮ ಕಾಲ್ ಸೆಂಟರಿಗೆ ಫೋನ್ ಮಾಡುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸವಿರುವ ಜಿಲ್ಲೆಯಲ್ಲೇ ದಾವೆ ಹಾಕಬಹುದು, ನಿಮ್ಮ ಹೆಡ್ ಆಫೀಸ್ ಇರುವ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ವಕೀಲರೇ ಬೇಕೆಂದೂ ಇಲ್ಲ, ನಾನೇ ನಿಂತು ಮಾತಾಡುತ್ತೇನೆ. ಗ್ರಾಹಕರಿಗೆ ತಿಳಿಸಬೇಕಾದ ವಿಷಯವನ್ನು ಬೇಕೆಂದೇ ಮುಚ್ಚಿಡುವುದೂ ಸೇವಾ ನ್ಯೂನತೆ ಎಂದು ಅದೇ ಕಾಯ್ದೆಯ ಕಲಂ 2(11) ಹೇಳುತ್ತದೆ. ಲಾಗ್‌ನ ಫೋಟೊ, ಕೊಟೇಶನ್, ರೆಸಿಸ್ಟರ್ ಇರುವ ಡಬ್ಬಿಯ ಫೋಟೊ, ಅಂಗಳದಲ್ಲಿ ತೂಗುತ್ತಿರುವ ವೈರಿನ ವಿಡಿಯೋ, ಎಲ್ಲವನ್ನೂ ಜಿಲ್ಲಾ ಗ್ರಾಹಕ ಆಯೋಗದ ಮುಂದಿಡುತ್ತೇನೆ. ನವೀಕರಣದ ಬಿಲ್ಲನ್ನೂ ಇಡುತ್ತೇನೆ.

ಅಡಿಕೆ ಕೊಯ್ಲಿನ ಕಾಲ ಹತ್ತಿರ ಬರುತ್ತಿದೆ. ನಮ್ಮ ಸೀಮೆಯಲ್ಲಿ ಹತ್ತಾರು ಮನೆಯವರು ಶೆಡ್ಡಿಗೆ ಅಲಾರಂ ಹಾಕಿಸುವ ಯೋಚನೆಯಲ್ಲಿದ್ದಾರೆ, ನಿಮ್ಮ ಹುಡುಗರು ಕರಪತ್ರ ಹಂಚಿ ಹೋಗಿದ್ದಾರೆ. ಸೊಸೈಟಿಯ ಸರ್ವಸಾಧಾರಣ ಸಭೆಯಲ್ಲಿ ಎದ್ದು ನಿಂತು ಈ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ಅಲ್ಲಿಯವರೆಗೆ ನಿಮ್ಮ ಬಿಲ್ಲಿನ ಒಂದು ರೂಪಾಯಿಯನ್ನೂ ಕಟ್ಟುವುದಿಲ್ಲ.

ಇತಿ,
ನಿಮ್ಮ ಗ್ರಾಹಕಿ,
ಅಡಿಕೆ ಬೆಳೆಗಾರ್ತಿ, ಸಾಗರ ತಾಲ್ಲೂಕು