ಏರಿಯಾ ಜಗಳದ ನಡುವೆ ಪ್ರೀತಿಸಿದವರಿಗೆ ರಕ್ಷಣೆ ಬೇಕು

ಮಾನ್ಯ ಸಂಪಾದಕರೇ,

ದಾವಣಗೆರೆಯಲ್ಲಿ ಪರಸ್ಪರ ಆಗದ ಎರಡು ಏರಿಯಾ ಗುಂಪುಗಳ ಮನೆಯ ಹುಡುಗ ಹುಡುಗಿ ಪ್ರೀತಿಸಿದರೆ ರಾತ್ರೋರಾತ್ರಿ ಬಸ್ ಹತ್ತುವುದೇ ದಾರಿ ಎಂದುಕೊಳ್ಳುತ್ತಾರೆ. ಅಪಾಯ ಹೆಚ್ಚುವುದೇ ಅಲ್ಲಿ. ಮನೆಯವರು ಅಪಹರಣದ ದೂರು ಕೊಡುತ್ತಾರೆ. ನೆರವಾದ ಗೆಳೆಯನಿಗೆ ಮೊದಲ ಏಟು ಬೀಳುತ್ತದೆ, ಪಾಪ.

ಮದುವೆಗೆ ಹುಡುಗಿಗೆ 18, ಹುಡುಗನಿಗೆ 21 ತುಂಬಿರಲೇಬೇಕು. 18 ತುಂಬದ ಹುಡುಗಿಯ ಒಪ್ಪಿಗೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯ ಮುಂದೆ ನಿಲ್ಲುವುದಿಲ್ಲ, ಹುಡುಗ ಜೈಲಿಗೆ ಹೋಗಬೇಕಾದೀತು. ಕಾಯಲೇಬೇಕು. ವಯಸ್ಸು ತೋರಿಸುವ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮನೆಯ ಬೀರುವಿನಲ್ಲೇ ಉಳಿದರೂ ಕೆಲಸ ಕೆಡುತ್ತದೆ.

ಜಾತಿ, ಧರ್ಮ ಯಾವುದೇ ಇರಲಿ ಮದುವೆಗೆ ಅವಕಾಶ ಕೊಡುವ 1954ರ ವಿಶೇಷ ವಿವಾಹ ಕಾಯ್ದೆಯಡಿ ಇಬ್ಬರಲ್ಲೊಬ್ಬರು ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದು ವಿವಾಹ ಅಧಿಕಾರಿಗೆ ಮದುವೆಯ ನೋಟಿಸ್ ಕೊಡಬೇಕು. ಆಮೇಲೆ 30 ದಿನ ಆಕ್ಷೇಪಣೆಗೆ ಅವಕಾಶ. ನೋಟಿಸ್ ಹೆಸರು, ವಿಳಾಸ ಸಮೇತ ಕಚೇರಿಯಲ್ಲಿ ಅಂಟಿಸಿರುತ್ತದೆ. ಗುಂಪಿನವರಿಗೆ ಸುದ್ದಿ ಮುಟ್ಟಲು ಅಷ್ಟು ಸಾಕು. ಆದ್ದರಿಂದ ನೋಟಿಸಿಗೆ ಮೊದಲೇ ಎಸ್‌ಪಿ ಕಚೇರಿಗೆ ಇಬ್ಬರೂ ಸಹಿ ಮಾಡಿದ ರಕ್ಷಣಾ ಮನವಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಬೆದರಿಕೆಯ ಮೆಸೇಜುಗಳನ್ನು ಅಳಿಸಬಾರದು, ತುರ್ತಿಗೆ 112. ಮದುವೆಗೆ ಬೇಕಾದ ಮೂವರು ಸಾಕ್ಷಿಗಳು ಎರಡೂ ಗುಂಪಿಗೆ ಸೇರದವರೇ ಆಗಿರಲಿ. ಗ್ಯಾಂಗಿನ ಹುಡುಗರು ಬಂದು ನಿಂತರೆ ಮದುವೆಯೇ ಸವಾಲಾಗಿಬಿಡುತ್ತದೆ. ಅಪಹರಣದ ಕೇಸು ದಾಖಲಾಗಿದ್ದರೆ ಹುಡುಗಿ ಮ್ಯಾಜಿಸ್ಟ್ರೇಟರ ಮುಂದೆ ತನ್ನ ಇಚ್ಛೆಯನ್ನು ಸ್ಪಷ್ಟವಾಗಿ ಹೇಳಬೇಕು.

ಮರ್ಯಾದೆ ಹೆಸರಿನ ಹಿಂಸೆ ತಡೆಯಲು ಪ್ರತಿ ಜಿಲ್ಲೆಯಲ್ಲಿ ವಿಶೇಷ ಘಟಕ ಇರಬೇಕೆಂದು ಸುಪ್ರೀಂ ಕೋರ್ಟ್ 2018ರ ಶಕ್ತಿ ವಾಹಿನಿ ತೀರ್ಪಿನಲ್ಲಿ ಹೇಳಿದೆ. ಜಿಲ್ಲಾ ಪೊಲೀಸರು ಆ ಘಟಕದ ಫೋನ್ ನಂಬರನ್ನು ಎಲ್ಲ ಠಾಣೆ, ಕಾಲೇಜುಗಳ ಫಲಕದಲ್ಲಿ ಹಾಕಿಸಬೇಕು.

— ಯುವಜನರೊಂದಿಗೆ ಕೆಲಸ ಮಾಡುವ ಗೆಳೆಯರು, ದಾವಣಗೆರೆ